ಸುರಂಗದ ನೆತ್ತಿಯ ಮೇಲೆ ಖಾಲಿ ರಸ್ತೆ: ಆಲ್ಪ್ಸ್ ಪಾಸ್‌ಗಳಲ್ಲಿ ನನ್ನ ಸೈಕಲ್ ಅನುಭವ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಹೋದ ಆಗಸ್ಟ್‌ನಲ್ಲಿ ಆಲ್ಪ್ಸ್‌ನಲ್ಲಿ ಹದಿನಾರು ದಿನ ಸೈಕಲ್ ತುಳಿದೆ. ಒಂಬತ್ತು ದೊಡ್ಡ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ, ದಾಟಿದೆ. ಹತ್ತುವಾಗ ನನ್ನನ್ನು ಹಿಂದೆ ಹಾಕಿ ಹೋದ ಗಾಡಿಗಳನ್ನೆಲ್ಲ ಎಣಿಸಿದೆ. ಕಾರು, ಬೈಕು, ವ್ಯಾನು ಎಲ್ಲ ಸೇರಿ ಒಂದು ಪಾಸ್‌ಗೆ ಸರಾಸರಿ ಹದಿನೈದು ಬಂದಿದ್ದರೆ ಹೆಚ್ಚು. "ಆಗಸ್ಟ್‌ನಲ್ಲಿ ಅಲ್ಲಿ ಖಾಲಿ ರಸ್ತೆನಾ? ಸುಮ್ನೆ ಬುರುಡೆ ಬಿಡಬೇಡ" ಅಂದಿದ್ದ ಗೆಳೆಯನೇ ಈಗ ರೂಟ್ ಫೈಲ್ ಕಳಿಸು ಅಂತ ಬೆನ್ನು ಬಿದ್ದಿದ್ದಾನೆ.

ಈ ಹಂತಕ್ಕೆ ಬರುವ ಮುಂಚೆ ಕಳೆದುಕೊಂಡ ದುಡ್ಡು ಎಷ್ಟು ಅಂತ ನನಗೆ ಮಾತ್ರ ಗೊತ್ತು.

ಮೊದಲ ವರ್ಷ ಎಲ್ಲರ ಹಾಗೆ ನಾನೂ ಇಟಲಿಯ ಸ್ಟೆಲ್ವಿಯೊ ಪಾಸ್‌ಗೆ ಹೋದೆ. 2,757 ಮೀಟರ್, ಪ್ರಾಟೊ ಕಡೆಯಿಂದ 48 ಹೇರ್‌ಪಿನ್ ತಿರುವು. ಜುಲೈ ತಿಂಗಳು, ಭಾನುವಾರ, ಹೊರಟಿದ್ದು ಬೆಳಗ್ಗೆ ಹತ್ತಕ್ಕೆ. ಒಂದೇ ದಿನದಲ್ಲಿ ಮೂರು ತಪ್ಪು! ತಿರುವುಗಳಿಗೆ 48ರಿಂದ ಇಳಿಯುತ್ತಾ ನಂಬರ್ ಹಾಕಿದ್ದಾರೆ. 25ನೇ ನಂಬರ್ ಬರುವಷ್ಟರಲ್ಲಿ ಗಾಡಿಗಳ ಲೆಕ್ಕ ಇನ್ನೂರು ದಾಟಿತ್ತು, ಅಲ್ಲಿಗೆ ಎಣಿಸೋದು ಬಿಟ್ಟೆ. ಬೈಕುಗಳ ಹೊಗೆಗೆ ತಲೆನೋವು ಬಂದು ಮೇಲೆಯೇ ರೂಮ್ ಹಿಡಿದೆ. ತೊಂಬತ್ತೋ ತೊಂಬತ್ತೈದೋ ಯೂರೋ ಹೋಯಿತು. ವರ್ಷಕ್ಕೊಂದು ದಿನ ಆ ರಸ್ತೆಯನ್ನು ಸೈಕಲ್‌ಗಳಿಗೆ ಮಾತ್ರ ಬಿಡುತ್ತಾರೆ, ಆಗ ಹೋಗು ಎಂದರು ಕೆಲವರು. ಆ ದಿನ ಸಾವಿರಾರು ಸೈಕಲ್ ಇರುತ್ತವೆ. ನನಗೆ ಬೇಕಿದ್ದದ್ದು ಜಾತ್ರೆ ಅಲ್ಲ.

ಎರಡನೇ ವರ್ಷ ಜಾಣತನ ಮಾಡಲು ಹೋದೆ. ಸೀಸನ್ ಶುರುವಾಗುವ ಮುಂಚೆ, ಮೇ ಕೊನೆಗೆ ಹೋದರೆ ಜನ ಇರಲ್ಲ ಅಲ್ವಾ? ಜನ ಇರಲಿಲ್ಲ ನಿಜ, ರಸ್ತೆಯೂ ಇರಲಿಲ್ಲ. ರಸ್ತೆ ಮುಚ್ಚಲು ಹಾಕಿದ್ದ ಅಡ್ಡಗಟ್ಟೆಯ ಪಕ್ಕದಲ್ಲಿ ಸೈಕಲ್ ನುಸುಳಿಸಿಕೊಂಡು ಆರು ಕಿಲೋಮೀಟರ್ ಹತ್ತಿದೆ. ನೆಲ ಒಣಗಿತ್ತು, ಖುಷಿಯಾಗಿತ್ತು. ಒಂದು ತಿರುವು ದಾಟಿದರೆ ನನಗಿಂತ ಎತ್ತರದ ಹಿಮದ ಗೋಡೆ, ಅದನ್ನು ಕತ್ತರಿಸುತ್ತಿರುವ ಯಂತ್ರ, ಯಂತ್ರದಿಂದ ಇಳಿದು ನನಗೆ ಬೈಯುತ್ತಿರುವ ಮನುಷ್ಯ. ಭಾಷೆ ಗೊತ್ತಿಲ್ಲದಿದ್ದರೂ ಬೈಗುಳ ಅರ್ಥವಾಯಿತು. ತಪ್ಪು ನನ್ನದೇ. ಮೇಲಿಂದ ಹಿಮ ಜಾರಬಹುದಾದ ಜಾಗ ಅದು. ಆಚೆ ಕಣಿವೆಯಲ್ಲಿ ಮೊದಲೇ ದುಡ್ಡು ಕಟ್ಟಿದ್ದ ಎರಡು ರಾತ್ರಿಯ ರೂಮು, ನೂರ ನಲವತ್ತು ಯೂರೋ, ನೀರಿನಲ್ಲಿ ಹೋಮ. ಅವತ್ತಿನಿಂದ ಪಾಸ್‌ನ ಆಚೆ ಕಡೆ ಮುಂಗಡ ಕಟ್ಟುವುದನ್ನೇ ಬಿಟ್ಟಿದ್ದೇನೆ.

ಅದೇ ವರ್ಷ ಜುಲೈನಲ್ಲಿ ಮತ್ತೆ ಹೋದೆ. ಗ್ರೇಟ್ ಸೇಂಟ್ ಬರ್ನಾರ್ಡ್, 2,469 ಮೀಟರ್, ಸ್ವಿಸ್ ಕಡೆಯಿಂದ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಪಾಠ ಶುರುವಾದದ್ದು ಇಲ್ಲೇ. ಬೂರ್ಗ್-ಸೇಂಟ್-ಪಿಯೆರ್ ದಾಟಿದ ಮೇಲೆ ರಸ್ತೆಗೆ ಹಿಮಪಾತ ತಡೆಯಲು ಮಾಡು ಹಾಕಿದ್ದಾರೆ. ಕಿಲೋಮೀಟರ್‌ಗಟ್ಟಲೆ ಅದರೊಳಗೇ ಹೋಗಬೇಕು. ಹತ್ತುವಾಗ ನನ್ನ ವೇಗ ಗಂಟೆಗೆ ಏಳೆಂಟು ಕಿಲೋಮೀಟರ್. ಹಿಂದಿನಿಂದ ಲಾರಿ. ಲಾರಿ ಬರುವ ಮುಂಚೆ ಅದರ ಸದ್ದು ಬರುತ್ತದೆ, ಎಷ್ಟು ಹತ್ತಿರ ಅಂತ ಗೊತ್ತಾಗುವುದಿಲ್ಲ. ಗೋಡೆಗೆ ಅಂಟಿಕೊಂಡು ನಿಲ್ಲೋದು, ಮತ್ತೆ ಹೊರಡೋದು. ಮುಕ್ಕಾಲು ಗಂಟೆಯಲ್ಲಿ ಜೀವ ಬಾಯಿಗೆ ಬಂತು.

ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ನಿಂತುಹೋಯಿತು. ಲಾರಿಗಳೆಲ್ಲ ಸುರಂಗದ ಬಾಯಿಗೆ ಹೊಕ್ಕವು. ನಾನು ಹಳೇ ರಸ್ತೆಗೆ ಹೊರಳಿದೆ. ಅಲ್ಲಿಂದ ಪಾಸ್‌ಗೆ ಐನೂರೈವತ್ತು ಮೀಟರ್ ಏರು, ಒಂದೂಕಾಲು ಗಂಟೆ ಹಿಡಿಯಿತು. ಬಂದದ್ದು ನಾಲ್ಕು ಕಾರು. ಆವತ್ತು ಮೇಲಿನ ಹಾಸ್ಪೈಸ್‌ನಲ್ಲಿ (ದಾರಿಹೋಕರಿಗೆ ತಂಗಲು ಇರುವ ಹಳೇ ಛತ್ರ) ಮಲಗಿ ರಾತ್ರಿಯೆಲ್ಲ ಮ್ಯಾಪ್ ನೋಡಿದೆ.

ವಿಷಯ ಇಷ್ಟೇ. ಪಾಸ್ ಎಷ್ಟು ಎತ್ತರ, ಎಷ್ಟು ಸುಂದರ ಅಂತ ನೋಡಬೇಡಿ. ಅದರ ಹೊಟ್ಟೆಯಲ್ಲಿ ಸುರಂಗ ಇದೆಯಾ ನೋಡಿ. ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗ 1964ರದ್ದು, ಸ್ಯಾನ್ ಬರ್ನಾರ್ಡಿನೊ 1967ರದ್ದು, ಗೊಟ್ಹಾರ್ಡ್ 1980ರದ್ದು. ತುರ್ತು ಇದ್ದವರೆಲ್ಲ ಅವತ್ತಿನಿಂದ ಕೆಳಗೇ ಹೋಗುತ್ತಿದ್ದಾರೆ. ಮೇಲಿನ ರಸ್ತೆ ನಮಗೆ.

ಆದರೆ ದಿಕ್ಕು ಮುಖ್ಯ. ಸುರಂಗದ ಬಾಯಿಯವರೆಗಿನ ರಸ್ತೆಯಲ್ಲಿ ಲಾರಿ ಇದ್ದೇ ಇರುತ್ತದೆ. ಎರಡು ಕಡೆಯಲ್ಲಿ ಯಾವ ಕಡೆ ಹಳೇ ರಸ್ತೆ ಕೆಳಗಿನಿಂದಲೇ ಬೇರೆಯಾಗುತ್ತದೋ ಆ ಕಡೆಯಿಂದ ಹತ್ತಬೇಕು. ಲಾರಿ ಇರುವ ಕಡೆ ಇಳಿಯಬೇಕು. ಹೋದ ವರ್ಷ ಅದೇ ಗ್ರೇಟ್ ಸೇಂಟ್ ಬರ್ನಾರ್ಡ್ ಅನ್ನು ಇಟಲಿಯ ಆಸ್ಟಾ ಕಡೆಯಿಂದ ಹತ್ತಿದೆ. ಸಾವಿರದ ಒಂಬೈನೂರು ಮೀಟರ್ ಹತ್ತಿರ ಏರು, ಕಾಲು ಕಳಚಿ ಬಿತ್ತು, ಆದರೆ ಸೇಂಟ್-ರೆಮಿ ಮೇಲೆ ಬಂದದ್ದು ಏಳು ಗಾಡಿ. ಆ ಕಡೆ ಇಳಿಯುವಾಗ ಅದೇ ಮಾಡು ಹಾಕಿದ ರಸ್ತೆ ಹತ್ತೇ ನಿಮಿಷದಲ್ಲಿ ಮುಗಿದುಹೋಯಿತು.

ಗೊಟ್ಹಾರ್ಡ್ ಇನ್ನೂ ಚೆನ್ನ. ಐರೋಲೊದಿಂದ ಮೇಲಕ್ಕೆ ಟ್ರೆಮೋಲಾ ಅಂತ ಹಳೇ ಕಲ್ಲುಹಾಸಿನ ರಸ್ತೆ, 24 ತಿರುವು. ಕಾರುಗಳಿಗೆ ಸುರಂಗ ಒಂದು, ಹೊಸ ಪಾಸ್ ರಸ್ತೆ ಇನ್ನೊಂದು, ನಮಗೆ ಮೂರನೆಯದು. ನಾನು ಕಂಡದ್ದು ಎರಡು ಕಾರು, ಒಂದು ನಾಯಿ. ಇಲ್ಲೊಂದು ಎಚ್ಚರಿಕೆ: ರಜೆಯ ಶನಿವಾರ ಸುರಂಗದ ಮುಂದೆ ಕಿಲೋಮೀಟರ್‌ಗಟ್ಟಲೆ ಸಾಲು ನಿಲ್ಲುತ್ತದೆ. ಕಾದು ಬೇಸತ್ತವರು ಪಾಸ್ ಮೇಲೆಯೇ ಬರುತ್ತಾರೆ. ನಾನು ಹೋದದ್ದು ಮಂಗಳವಾರ.

ಟಯರ್ ವಿಷಯ ಕೇಳುತ್ತೀರಿ ಅಂತ ಗೊತ್ತು. ಕಲ್ಲುಹಾಸಿಗೆ 32 ಎಂಎಂ ಅಗಲ ಸಾಕು ಎಂದವರ ಮಾತು ಕೇಳಿ ಒಂದು ಸಲ ಕೈ ಜೋಮು ಹಿಡಿಸಿಕೊಂಡಿದ್ದೇನೆ. ಈಗ 40. ಇಟಲಿಯ ಫಿನೆಸ್ಟ್ರೆ ಪಾಸ್‌ನ ಕೊನೆಯ ಎಂಟು ಕಿಲೋಮೀಟರ್ ಮಣ್ಣುರಸ್ತೆಗೂ ಅದೇ ನಡೆಯಿತು. ಗಾಳಿ ಎಷ್ಟು ಹಾಕುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಸುರಂಗ ಇಲ್ಲದ ಪಾಸ್‌ಗಳೂ ಖಾಲಿ ಇರುತ್ತವೆ, ಪಕ್ಕದಲ್ಲಿ ಸುಲಭದ ದಾರಿ ಇದ್ದರೆ. ಆನ್ಯೆಲ್ ನೋಡಿ. 2,744 ಮೀಟರ್, ಇಟಲಿ ಫ್ರಾನ್ಸ್ ಗಡಿ. ಆಚೆ ಈಚೆ ದೊಡ್ಡ ಊರಿಲ್ಲ. ವರ್ಷವಿಡೀ ತೆರೆದಿರುವ ಮಾಂಜೆನೆವ್ರ್ ಪಾಸ್ 1,850 ಮೀಟರ್‌ನಲ್ಲೇ ಇರುವಾಗ ಯಾರು ಇಲ್ಲಿ ಬರುತ್ತಾರೆ? ಎರಡನೇ ವರ್ಷ ಇಲ್ಲಿ ಬಂದಾಗ ರಸ್ತೆ ಖಾಲಿ ಇತ್ತು, ನನ್ನ ಗೇರ್ ಸರಿ ಇರಲಿಲ್ಲ. ಕಿಯನಾಲೆ ಹಳ್ಳಿ ದಾಟಿದ ಮೇಲೆ ಒಂದೇ ಸಮ ಒಂಬತ್ತು ಹತ್ತು ಪರ್ಸೆಂಟ್ ಏರು. ಹದಿನೆಂಟು ಕೆಜಿ ಸಾಮಾನು, ಗೇರ್ ಚಕ್ರದಲ್ಲಿ ಮುಂದೆ 34 ಹಲ್ಲು, ಹಿಂದೆ 34. ಕೊನೆಯ ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿಕೊಂಡೇ ಹೋದೆ. ಊರಿಗೆ ಬಂದ ಮೇಲೆ ಮುಂದೆ 26, ಹಿಂದೆ 42 ಹಾಕಿಸಿದೆ. ಕ್ರ್ಯಾಂಕ್, ಕ್ಯಾಸೆಟ್, ಡಿರೈಲರ್, ಕೂಲಿ ಎಲ್ಲ ಸೇರಿ ಮುನ್ನೂರು ಯೂರೋ ಹತ್ತಿರ. ಸಾಮಾನು ಹನ್ನೊಂದು ಕೆಜಿಗೆ ಇಳಿಸಿದೆ, ಅದಕ್ಕೆ ಕಾಸು ಖರ್ಚಾಗಲಿಲ್ಲ. ಒಲೆ, ಪಾತ್ರೆ, ಎರಡನೇ ಜೀನ್ಸ್ ಮನೆಯಲ್ಲೇ ಬಿಟ್ಟೆ, ಅಷ್ಟೇ.

ಇನ್ನು ಗಡಿಯಾರ. ಬೈಕಿನವರು ತಿಂಡಿ ಮುಗಿಸಿ ಹೊರಡೋದು ಒಂಬತ್ತೂವರೆಗೆ. ನಾನು ಸಾಮಾನಿನ ಜೊತೆ ಗಂಟೆಗೆ ನಾನೂರೈವತ್ತು ಮೀಟರ್ ಏರುತ್ತೇನೆ. ಸಾವಿರದ ನಾನೂರು ಮೀಟರ್ ಅಂದರೆ ಮೂರು ಗಂಟೆ ಚಿಲ್ಲರೆ. ಐದಕ್ಕೆ ಹೊರಟರೆ ಎಂಟೂಕಾಲಿಗೆ ಮೇಲೆ. ಮಧ್ಯಾಹ್ನದ ಗುಡುಗು ಮಳೆಯೂ ತಪ್ಪುತ್ತದೆ. ಕಷ್ಟ ಏನೆಂದರೆ ಹೋಟೆಲಿನ ತಿಂಡಿ ಏಳೂವರೆಗೆ. ಅದರ ದುಡ್ಡು ರೂಮಿನ ಬಾಡಿಗೆಯಲ್ಲೇ ಸೇರಿರುತ್ತದೆ, ಬಿಟ್ಟು ಹೊರಡಲು ಹೊಟ್ಟೆ ಉರಿಯುತ್ತದೆ. ಹಿಂದಿನ ಸಂಜೆಯೇ ಕೇಳಿ ಕಟ್ಟಿಸಿಕೊಳ್ಳಿ. ಹತ್ತರಲ್ಲಿ ಎಂಟು ಕಡೆ ಕೊಟ್ಟರು.

ಸ್ಟೆಲ್ವಿಯೊಗೂ ಹೀಗೇ ಸೇಡು ತೀರಿಸಿಕೊಂಡೆ. ಸಾಂಟಾ ಮಾರಿಯಾದಿಂದ ಉಂಬ್ರೈಲ್ ಹತ್ತಿದರೆ 2,501 ಮೀಟರ್, ಅಲ್ಲಿಂದ ಮೂರು ಕಿಲೋಮೀಟರ್ ಮೇಲೆ ಸ್ಟೆಲ್ವಿಯೊ. ಹಿಂಬಾಗಿಲು. ಒಂಬತ್ತು ಗಾಡಿ. ಮೇಲೆ ತಲುಪಿದಾಗ ಅಂಗಡಿಗಳ ಬಾಗಿಲು ಇನ್ನೂ ತೆಗೆದಿರಲಿಲ್ಲ.

ಐದು ಗಂಟೆಯೇ ಇಷ್ಟು ಚೆನ್ನಾಗಿದ್ದರೆ ರಾತ್ರಿ ಎರಡು ಗಂಟೆ ಹೇಗಿರಬಹುದು ಅಂತ ಆಸೆ ಹುಟ್ಟಿತು. ಹುಣ್ಣಿಮೆ ನೋಡಿಕೊಂಡು ಸ್ವಿಟ್ಜರ್ಲೆಂಡಿನ ಫಿಲಿಸೂರ್‌ನಿಂದ ಅಲ್ಬುಲಾ ಪಾಸ್ ಹತ್ತಿದೆ. ಬಂದ ಗಾಡಿ ಸೊನ್ನೆ. ಆಕಾಶ, ಬಂಡೆ, ನನ್ನ ಉಸಿರು. ಆದರೆ ಇಳಿಜಾರಿನ ಕಡೆ ಬೆಟ್ಟದ ನೆರಳು, ಚಂದ್ರನ ಬೆಳಕೇ ಇಲ್ಲ. ನನ್ನ ಲೈಟಿಗೆ ಇಪ್ಪತ್ತಕ್ಕಿಂತ ಜಾಸ್ತಿ ವೇಗ ಆಗದು. ಬೆವರಿನ ಬಟ್ಟೆಯಲ್ಲಿ, 2,312 ಮೀಟರ್ ಮೇಲೆ, ನಾಲ್ಕು ಡಿಗ್ರಿಯಲ್ಲಿ, ಬೆಳಕಾಗುವವರೆಗೆ ಕೂತಿದ್ದೆ. ಎದೆಗೆ ಹಳೇ ಪೇಪರ್ ತುರುಕಿಕೊಂಡಿದ್ದರಿಂದ ಬದುಕಿದೆ. ಅದನ್ನು ಮತ್ತೆ ಮಾಡಲ್ಲ.

ಒಟ್ಟು ಖರ್ಚು ಹದಿನಾರು ದಿನಕ್ಕೆ ಸಾವಿರದ ಇನ್ನೂರು ಯೂರೋ ಆಸುಪಾಸು, ರೈಲು ಸೇರಿ. ಸ್ವಿಸ್ ರಾತ್ರಿಗಳನ್ನು ಐದಕ್ಕೆ ನಿಲ್ಲಿಸಿದ್ದರಿಂದ ಅಷ್ಟಕ್ಕೆ ಮುಗಿಯಿತು. ಮೊದಲ ವರ್ಷ ಹತ್ತು ದಿನಕ್ಕೇ ಅದಕ್ಕಿಂತ ಜಾಸ್ತಿ ಆಗಿತ್ತು.

ಒಂಬತ್ತು ಪಾಸ್‌ಗಳಲ್ಲಿ ಐದರ ಹೆಸರು ಇಲ್ಲಿ ಬಂದಿವೆ. ಗೆಳೆಯನಿಗೆ ಎಂಟರ ಫೈಲ್ ಕಳಿಸಿದ್ದೇನೆ. ಒಂಬತ್ತನೆಯದರಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು ಟ್ರ್ಯಾಕ್ಟರ್, ಅದೂ ಎದುರಿನಿಂದ. ಈ ವರ್ಷವೂ ಅಲ್ಲಿಗೆ ಹೋಗಬೇಕು, ಹಾಗಾಗಿ ಅದನ್ನು ಕೇಳಬೇಡಿ.