ನಾಣ್ಯಕ್ಕೆ ಆಗಿರುವುದು ಸವೆತವೋ, ಹಾನಿಯೋ: ಪರೀಕ್ಷಿಸುವ ಬಗೆ

ಸವೆದ ನಾಣ್ಯ ಬೇರೆ, ಕೆಟ್ಟ ನಾಣ್ಯ ಬೇರೆ. ಕೈಯಿಂದ ಕೈಗೆ ದಾಟುತ್ತಾ ವಿಕ್ಟೋರಿಯಾ ರಾಣಿಯ ಕೆನ್ನೆ, ಕಿರೀಟದ ಮುತ್ತು ಸಮನಾಗಿ ನುಣುಪಾಗಿದ್ದರೆ ಅದು ಸವೆತ. ದರ್ಜೆ ಇಳಿಯುತ್ತದೆ, ಅಷ್ಟೇ. ಬೆಸುಗೆ ಹಾಕಿದ್ದು, ತೂತು ಕೊರೆದದ್ದು, ಅರ ಉಜ್ಜಿದ್ದು, ಪಾಲಿಶ್ ಮಾಡಿದ್ದು, ತೇವ ತಿಂದದ್ದು ಹಾನಿ. ಟಂಕಸಾಲೆಯೊಳಗೇ ಆದ ಎಡವಟ್ಟು ಇವೆರಡಕ್ಕೂ ಸೇರುವುದಿಲ್ಲ; ಅದಕ್ಕೆ ಕೆಲವೊಮ್ಮೆ ಹೆಚ್ಚಿನ ಬೆಲೆಯೇ ಉಂಟು. ಆದ್ದರಿಂದ ನಾಣ್ಯದ ಮೇಲೆ ಕಂಡ ಪ್ರತಿ ಗುರುತಿಗೂ ಒಂದೇ ಪ್ರಶ್ನೆ: ಇದು ಆದದ್ದು ಯಾವಾಗ?

ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ಹಿಗ್ಗಿಸುವ ಲೂಪ್, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ (ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುವಂಥದ್ದು ಸಾಕು), ಒಂದೇ ಬಲ್ಬಿನ ಟೇಬಲ್ ಲ್ಯಾಂಪ್. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಬೆಳ್ಳಿ ಅಂಗಡಿಗಳಲ್ಲಿ ಎಲ್ಲ ಕಡೆಯಿಂದಲೂ ಬಿಳಿ ಬೆಳಕು ಸುರಿಯುತ್ತಿರುತ್ತದೆ. ಸಣ್ಣ ಗೀರುಗಳು ಅದರಲ್ಲಿ ಕಾಣುವುದೇ ಇಲ್ಲ. ನಾಣ್ಯವನ್ನು ಬಾಗಿಲ ಬಳಿ ತಂದು, ಒಂದೇ ದಿಕ್ಕಿನ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಿಡಿಯುವುದು ಅಂಚಿನಲ್ಲಿ ಮಾತ್ರ.

ಮೊದಲು ಲೂಪಿನಲ್ಲಿ ನೋಡಬೇಕಾದದ್ದು ಗೆರೆ ಉಬ್ಬಿದೆಯೋ ತಗ್ಗಿದೆಯೋ ಎಂಬುದನ್ನು. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬು ಗೆರೆ ಮೂಡುತ್ತದೆ. ಇದು ಟಂಕಸಾಲೆಯದು, ಹಾನಿಯಲ್ಲ. ತಗ್ಗು ಗೆರೆಯಾದರೆ ಅದರ ದಡ ನೋಡಿ. ಗೀರು ಬಿದ್ದಾಗ ಲೋಹ ಎಲ್ಲಿಗೂ ಹೋಗುವುದಿಲ್ಲ, ಪಕ್ಕಕ್ಕೆ ಸರಿದು ಸಣ್ಣ ಏರಿಯಾಗಿ ನಿಲ್ಲುತ್ತದೆ. ಆ ಏರಿ ಕಂಡರೆ ಪೆಟ್ಟು ಆಮೇಲಿನದು. ಅಚ್ಚೊತ್ತುವ ಮೊದಲೇ ಬಿಲ್ಲೆಯಲ್ಲಿದ್ದ (ಚಿತ್ರ ಮೂಡದ ಬರಿಯ ಲೋಹದ ತಟ್ಟೆಯಲ್ಲಿದ್ದ) ಪದರ ಸುಲಿದಿದ್ದರೆ ತಗ್ಗು ಇರುತ್ತದೆ, ಏರಿ ಇರುವುದಿಲ್ಲ.

ನಮ್ಮ ಕಡೆಯ ಬೆಳ್ಳಿ ರೂಪಾಯಿಗಳಲ್ಲಿ ಹೆಚ್ಚು ಮೋಸ ಹೋಗುವುದು ಒಡವೆಯಿಂದ ಬಿಚ್ಚಿದ ನಾಣ್ಯಗಳಲ್ಲಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆಯುತ್ತಿದ್ದದ್ದು ಮುಖ ನೇರವಾಗಿ ತೂಗುವಂತೆ, ಅಂದರೆ ತಲೆಯ ಮೇಲೆ, ಗಡಿಯಾರದ 12ರ ಜಾಗದಲ್ಲಿ. ಮಾರುವ ಮುನ್ನ ಕೊಂಡಿ ಕಿತ್ತು ಅರ ಹಾಕಿರುತ್ತಾರೆ. ಅಂಚನ್ನು ಸುತ್ತಲೂ ತಿರುಗಿಸುತ್ತಾ, ಅಲ್ಲಿ ಟಂಕಸಾಲೆಯಲ್ಲೇ ಮೂಡಿಸಿದ ಸಾಲು ಗೀಟುಗಳನ್ನು ನೋಡಿ: ಮೂರು-ನಾಲ್ಕು ಮಿಲಿಮೀಟರ್ ಉದ್ದಕ್ಕೆ ಗೀಟು ಅಳಿಸಿಹೋಗಿದ್ದರೆ, ಅಥವಾ ಅಷ್ಟು ಭಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗಿದ್ದರೆ, ಅಲ್ಲಿ ಬೆಸುಗೆ ಇತ್ತು. ಬೆಸುಗೆಯ ಲೋಹದ ಮಿಶ್ರಣವೇ ಬೇರೆ, ಹಾಗಾಗಿ ಅದು ಕಪ್ಪಾಗುವ ರೀತಿಯೂ ಬೇರೆ. ಕಾಸಿದ ಶಾಖಕ್ಕೆ ಸುತ್ತಲಿನ ಹೊಳಪು ಸತ್ತಿರುತ್ತದೆ. ಕೋಟಿನ ಗುಂಡಿಯಾಗಿದ್ದ ನಾಣ್ಯಕ್ಕೆ ಇದೇ ಕಲೆ ಹಿಂಬದಿಯ ನಡುವೆ ಇರುತ್ತದೆ. ಮುಚ್ಚಿದ ತೂತು ಇನ್ನೂ ನಾಜೂಕು. ಅಕ್ಷರ ಅಥವಾ ಹೂಬಳ್ಳಿ ಸುಮ್ಮನೆ ಮಸುಕಾಗಿ ನಿಂತ ಕಡೆ ತೆಳು ವೃತ್ತದ ಗೆರೆ ಹುಡುಕಿ.

ತೂಕ ಇಲ್ಲಿ ಸಾಕ್ಷಿ ಹೇಳುತ್ತದೆ. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ 11.66 ಗ್ರಾಂ. ಸವೆತದಿಂದ 11.4ಕ್ಕೆ ಇಳಿದದ್ದು ಸಹಜ. ಆದರೆ ಚಿತ್ರವೆಲ್ಲ ಚೂಪಾಗಿದ್ದು ತೂಕ ಮಾತ್ರ 11.3 ಬಂದರೆ ಅಂಚಿಗೆ ಅರ ಬಿದ್ದಿದೆ, ಇಲ್ಲವೇ ನಾಣ್ಯವೇ ನಕಲಿ. 11.8 ಬಂದರೆ ಬೆಸುಗೆ ಉಳಿದಿರಬಹುದು.

ಇನ್ನು ತೊಳೆದ ನಾಣ್ಯ. ಲಕ್ಷ್ಮೀ ಪೂಜೆಗೆ ಇಡುವ ರೂಪಾಯಿಗೆ ಪ್ರತಿ ವರ್ಷ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ತಪ್ಪಿದ್ದಲ್ಲ. ಮನೆಯವರಿಗೆ ಅದು ಭಕ್ತಿ, ಸಂಗ್ರಾಹಕರ ಲೆಕ್ಕದಲ್ಲಿ ಹಾನಿ. ಮುಟ್ಟದ ನಾಣ್ಯವನ್ನು ದೀಪದಡಿ ತಿರುಗಿಸಿದರೆ ಬೆಳಕಿನ ಪಟ್ಟೆ ಬಂಡಿಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ಉಜ್ಜಿದ್ದರಲ್ಲಿ ಬೆಳಕು ಸುತ್ತುವುದಿಲ್ಲ, ಒಂದೇ ಕಡೆ ಫಳಫಳ ಎನ್ನುತ್ತದೆ. ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಹರಿದಿರುತ್ತವೆ, ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿರುತ್ತದೆ. ತುಂಬಾ ಸವೆದೂ ಬೆಳ್ಳಗೆ ಮಿನುಗುವ ನಾಣ್ಯವನ್ನು ನಂಬಲೇಬೇಡಿ.

ಹಸಿರು ಕಂಡರೆ ಎರಡು ಸಾಧ್ಯತೆ. ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಂನಲ್ಲಿ ಇಟ್ಟದ್ದಕ್ಕೆ ಅಂಟಂಟಾದ ಹಸಿರು ಪೊರೆ ಬರುತ್ತದೆ. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಹತ್ತು ನಿಮಿಷ ನೆನೆಸಿ, ಒಮ್ಮೆ ಬದಲಾಯಿಸಿ, ಉಜ್ಜದೆ ಆರಲು ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ನೈಲ್ ಪಾಲಿಶ್ ತೆಗೆಯುವ ದ್ರಾವಣ ಬಳಸಬೇಡಿ, ಅದರಲ್ಲಿ ಬಣ್ಣ, ಎಣ್ಣೆ ಬೆರೆತಿರುತ್ತದೆ. ಪೊರೆ ಹೋದ ಮೇಲೆ ಕೆಳಗಿನ ಲೋಹ ನಯವಾಗಿದ್ದರೆ ನಾಣ್ಯ ಉಳಿಯಿತು, ಗುಳಿ ಬಿದ್ದಿದ್ದರೆ ಹಾನಿ ಖಾಯಂ. ತಾಮ್ರದ ಮೇಲೆ ತಿಳಿಹಸಿರು ಪುಡಿ ಉದುರುತ್ತಾ, ಒರೆಸಿದಷ್ಟೂ ಮತ್ತೆ ಬರುತ್ತಿದ್ದರೆ ಅದು ಒಳಗಿನಿಂದ ತಿನ್ನುವ ಕಿಲುಬು. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಬೇರೆಯಾಗಿಡಿ.

ಕೈಯಿಂದ ಅಚ್ಚೊತ್ತಿದ ನಾಣ್ಯಕ್ಕೆ ಈ ಅಳತೆಗೋಲು ಪೂರ್ತಿ ನಡೆಯದು. ಟಿಪ್ಪುವಿನ ಆನೆ ಪೈಸೆಯಲ್ಲಿ ಆನೆಯ ಕಾಲು ಅಂಚಿನಾಚೆ ಹೋಗಿದ್ದರೆ, ಬಿಲ್ಲೆಯ ಅಂಚು ಸೀಳಿದ್ದರೆ ಅದು ತಯಾರಿಕೆಯ ಸ್ವಭಾವ. ಮೊಘಲ್ ರೂಪಾಯಿಯ ಮೇಲೆ ಶರಾಫರು (ಹಣ ವಿನಿಮಯ ಮಾಡುತ್ತಿದ್ದವರು) ಬೆಳ್ಳಿ ಪರೀಕ್ಷಿಸಲು ಹೊಡೆದ ಪುಟ್ಟ ಗುರುತುಗಳನ್ನೂ ಚರಿತ್ರೆಯ ಭಾಗವೆಂದೇ ಒಪ್ಪುತ್ತಾರೆ, ಮುಖ್ಯ ಬರಹವನ್ನು ಕೆಡಿಸದಿದ್ದರೆ. ಅಂಥದ್ದೇ ಗುರುತು ಯಂತ್ರದಲ್ಲಿ ತಯಾರಾದ ವಿಕ್ಟೋರಿಯಾ ರೂಪಾಯಿಯ ಮೇಲಿದ್ದರೆ ಹಾನಿ.

ದುಬಾರಿ ನಾಣ್ಯವನ್ನು ಪಿಸಿಜಿಎಸ್ ಅಥವಾ ಎನ್‌ಜಿಸಿಯಂಥ, ನಾಣ್ಯಕ್ಕೆ ದರ್ಜೆ ಕಟ್ಟುವ ಸಂಸ್ಥೆಗೆ ಕಳಿಸುವ ಮುನ್ನ ಇಷ್ಟನ್ನೂ ನೀವೇ ಮಾಡಿ ನೋಡಿ. ಹಾನಿ ಕಂಡರೆ ಅವರು ಅಂಕ ಕೊಡದೆ ‘ಡೀಟೇಲ್ಸ್’ ಎಂದು ಬರೆದು ಕಳಿಸುತ್ತಾರೆ, ಶುಲ್ಕ ವಾಪಸ್ ಬರುವುದಿಲ್ಲ. ಫೋಟೊ ನೋಡಿ ಕೊಳ್ಳುವುದಾದರೆ ಮಾರುವವರಿಂದ ಮೂರು ಕೇಳಿ: ತಕ್ಕಡಿಯ ಮೇಲಿಟ್ಟ ಚಿತ್ರ, ಅಂಚನ್ನು ಪೂರ್ತಿ ಸುತ್ತಿಸಿದ ವಿಡಿಯೊ, ದೀಪದಡಿ ಓರೆಯಾಗಿ ತಿರುಗಿಸಿದ ವಿಡಿಯೊ. ಅಂಚಿನ ವಿಡಿಯೊ ಕೊಡಲು ಹಿಂಜರಿದರೆ ಆ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡಬೇಡಿ.