ಹಿತ್ತಿಲ ರೈಲು ಪ್ಲಾಟ್‌ಫಾರಂ ಎದುರೇ ನಿಲ್ಲಬೇಕೆಂದರೆ

ಹಿತ್ತಿಲಲ್ಲಿ ಹಳಿ ಹಾಸಿ ಮಾದರಿ ರೈಲು ಓಡಿಸುವವರು ವೈರ್‌ಲೆಸ್ ಎಂದೊಡನೆ ರೇಡಿಯೊ ಭಾಗಕ್ಕೆ ಹೆದರುತ್ತಾರೆ. ಅದು ಒಂದು ಸಂಜೆಯ ಕೆಲಸ. ಗಾಡಿ ತಾನಾಗಿಯೇ ಸ್ಟೇಷನ್ನಿಗೆ ಬಂದು ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುವಂತೆ ಮಾಡುವುದೇ ಕಷ್ಟ. ಹೆಚ್ಚಿನವರು ಎಡವುವುದೂ ಅಲ್ಲೇ. ಬೆಳಿಗ್ಗೆ ಪ್ಲಾಟ್‌ಫಾರಂಗೆ ಸರಿಯಾಗಿ ನಿಂತ ಇಂಜಿನ್ ಮಧ್ಯಾಹ್ನ ಅರ್ಧ ಗೇಣು ಹಿಂದೆಯೇ ನಿಂತಿರುತ್ತದೆ, ಇಲ್ಲವೇ ನಿಲ್ಲದೆ ಹೊರಟೇಹೋಗುತ್ತದೆ.

ಇಲ್ಲಿ ಹೇಳುವುದು 45 ಮಿ.ಮೀ. ಹಳಿಯ ಗಾಡಿಗಳ ಬಗ್ಗೆ. ಜರ್ಮನಿಯ ನ್ಯೂರೆಂಬರ್ಗ್‌ನ ಮಾದರಿ ರೈಲು ಕಂಪನಿ ಎಲ್‌ಜಿಬಿ 1968ರಿಂದ ತನ್ನ ಗಾಡಿಗಳಿಗೆ ಬಳಸಿದ ಅಳತೆ ಇದು. 1:22.5 ಪ್ರಮಾಣದಲ್ಲಿ ಇದು ಮೀಟರ್ ಗೇಜ್ ಹಳಿಗೆ ಹೊಂದುತ್ತದೆ. ಹಿಂದೆ ಮೈಸೂರು ಸೀಮೆಯಲ್ಲಿ ಓಡುತ್ತಿದ್ದ ಮೀಟರ್ ಗೇಜ್ ಗಾಡಿಗಳ ಮಾದರಿ ಮಾಡಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಹಳಿಯಿಂದ ಕರೆಂಟ್ ಬೇಡ

ಬಯಲಲ್ಲಿ ಹಿತ್ತಾಳೆ ಹಳಿ ಕಪ್ಪಾಗುತ್ತದೆ, ಅದರ ಮೇಲೆ ಇಬ್ಬನಿ, ಧೂಳು, ಎಲೆಯ ಅಂಟು ಕೂರುತ್ತದೆ. ದಿನಾ ಹಳಿ ಉಜ್ಜುವುದಕ್ಕಿಂತ ಬ್ಯಾಟರಿಯನ್ನು ಇಂಜಿನ್ನಿನ ಒಳಗೋ ಹಿಂದಿನ ಬೋಗಿಯಲ್ಲೋ ಇಡುವುದು ವಾಸಿ. ಚಕ್ರಗಳಿಂದ ಮತ್ತು ಹಳಿ ಸವರುವ ಶೂಗಳಿಂದ ಮೋಟರಿಗೆ ಬರುವ ವೈರ್‌ಗಳನ್ನು ಬಿಡಿಸಿ, ತುದಿಗಳಿಗೆ ಇನ್ಸುಲೇಷನ್ ಹಾಕಿ.

ಸರಣಿಯಲ್ಲಿ ನಾಲ್ಕು 18650 ಲಿಥಿಯಂ ಸೆಲ್, ಅದಕ್ಕೆ 4ಎಸ್ (ಸರಣಿಯ ನಾಲ್ಕು ಸೆಲ್‌ಗೆ ಹೊಂದುವ) ಬಿಎಂಎಸ್ ಎಂಬ ಕಾವಲು ಬೋರ್ಡ್, ಪ್ಲಸ್ ತಂತಿಯಲ್ಲಿ 3 ಆಂಪಿಯರ್ ಫ್ಯೂಸ್, ಒಂದು ಸ್ವಿಚ್. ಪೂರ್ತಿ ಚಾರ್ಜ್ ಆದಾಗ 16.8 ವೋಲ್ಟ್. 2500 ಎಂಎಎಚ್‌ನ ಸೆಲ್ ಆದರೆ, 0.8 ಆಂಪಿಯರ್ ಎಳೆಯುವ ಇಂಜಿನ್ ಸುಮಾರು ಮೂರು ಗಂಟೆ ಓಡುತ್ತದೆ. 9900 ಎಂಎಎಚ್ ಎಂದು ಬರೆದ ಅಗ್ಗದ ಸೆಲ್ ಕೊಳ್ಳಲೇಬೇಡಿ. ಆ ಗಾತ್ರದ ಸೆಲ್‌ನಲ್ಲಿ ಅಷ್ಟು ಹಿಡಿಯುವುದೇ ಇಲ್ಲ. ತೂಗಿ ನೋಡಿ: ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, ನಕಲಿಯದು ಕೈಗೇ ಹಗುರ ಅನಿಸುತ್ತದೆ. ಹಳೆಯ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸುವ ಅಡ್ಡದಾರಿಯೂ ಬೇಡ. ಬಿಎಂಎಸ್ ಇರುವುದು ಕಾವಲಿಗೆ, ಅದು ಚಾರ್ಜರ್ ಅಲ್ಲ. ನಾಲ್ಕು ಲಿಥಿಯಂ ಸೆಲ್‌ಗೆಂದೇ ಮಾಡಿದ 16.8 ವೋಲ್ಟ್ ಚಾರ್ಜರ್ ಬೇಕು.

ಇಂಜಿನ್ನಿನ ಒಳಗೆ

ಇಎಸ್‌ಪಿ32 (ವೈಫೈ ಇರುವ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡ್) ಒಂದು, 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್ ಒಂದು, ಡಿಆರ್‌ವಿ8871 ಮೋಟರ್ ಡ್ರೈವರ್ ಒಂದು. ಎಲ್ಲ ಕಡೆ ಸಿಗುವ ಎಲ್298 ಬೋರ್ಡ್ ಬೇಡ. ಅದು ತಾನೇ 2 ವೋಲ್ಟ್‌ನಷ್ಟು ನುಂಗಿ ಬಿಸಿಯಾಗುತ್ತದೆ, ನಿಧಾನದ ಓಟ ಕೆಡುತ್ತದೆ. ಚಿಕ್ಕದೆಂದು ಟಿಬಿ6612 ಡ್ರೈವರ್ ಹಾಕಿದರೆ ಮೊದಲ ಚಾರ್ಜ್‌ಗೇ ಸುಡಬಹುದು, ಅದರ ಮಿತಿ 15 ವೋಲ್ಟ್. ಎರಡು ಮೋಟರಿನ ದೊಡ್ಡ ಇಂಜಿನ್‌ಗೆ ಬಿಟಿಎಸ್7960 ಹಾಕಿ, ಜಾಗ ಇದ್ದರೆ.

ಮೋಟರಿನ ಎರಡು ಕಾಲುಗಳ ನಡುವೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಇಎಸ್‌ಪಿ32ರ 5 ವೋಲ್ಟ್ ಪಿನ್ ಹತ್ತಿರ 470 ಮೈಕ್ರೊಫ್ಯಾರಡ್‌ನದೊಂದು. ಇವೆರಡನ್ನು ಬಿಟ್ಟರೆ ಮೋಟರ್ ತಿರುಗತೊಡಗಿದಾಗಲೆಲ್ಲ ಬೋರ್ಡ್ ರೀಸೆಟ್ ಆಗುತ್ತದೆ. ಜನ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ.

ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೂ ಇನ್ನೊಂದು ಇಎಸ್‌ಪಿ32. ಎರಡರ ನಡುವೆ ಇಎಸ್‌ಪಿ-ನೌ (ಈ ಬೋರ್ಡ್‌ಗಳು ನೇರವಾಗಿ ಮಾತಾಡಿಕೊಳ್ಳುವ ವಿಧಾನ) ಸಾಕು, ರೂಟರ್ ಬೇಕಿಲ್ಲ. ಇಂಜಿನ್ನನ್ನು ಮನೆಯ ವೈಫೈಗೂ ಜೋಡಿಸಿದ್ದರೆ ಅದು ರೂಟರಿನ ಚಾನೆಲ್‌ಗೆ ಹೋಗಿಬಿಡುತ್ತದೆ, ಕಂಟ್ರೋಲರ್ ಹಳೆಯ ಚಾನೆಲ್‌ನಲ್ಲೇ ಕೂಗುತ್ತಿರುತ್ತದೆ. ಒಂದನ್ನೇ ಇಟ್ಟುಕೊಳ್ಳಿ. ಕಂಟ್ರೋಲರ್ ಪ್ರತಿ 200 ಮಿಲಿಸೆಕೆಂಡಿಗೊಮ್ಮೆ ವೇಗ ಕಳಿಸುತ್ತಿರಲಿ. ಒಂದು ಸೆಕೆಂಡ್ ಸುದ್ದಿ ಬಾರದಿದ್ದರೆ ಇಂಜಿನ್ ತಾನೇ ನಿಲ್ಲಬೇಕು. ಪ್ರೋಗ್ರಾಂನಲ್ಲಿ ಈ ಸಾಲನ್ನು ಬರೆಯದೆ ಗಾಡಿಯನ್ನು ಹಳಿಗೆ ಇಳಿಸಬೇಡಿ. ಆಂಟೆನಾ ಇರುವ ತುದಿ ಲೋಹದ ಬಾಡಿಗೆ ಅಂಟಿಕೊಳ್ಳದಂತೆ ನೋಡಿಕೊಳ್ಳಿ.

ಎಡವುವ ಜಾಗ: ಅಯಸ್ಕಾಂತ ಮತ್ತು ಸೆನ್ಸರ್

ಗಾಡಿಗೆ ತಾನೆಲ್ಲಿದ್ದೇನೆಂದು ತಿಳಿಸುವುದು ಹಳಿಗಳ ನಡುವೆ ಇಟ್ಟ ಅಯಸ್ಕಾಂತ. ಹೆಚ್ಚಿನವರು ಇಂಜಿನ್ ಅಡಿಗೆ, ಅಯಸ್ಕಾಂತ ಹತ್ತಿರ ಬಂದಾಗ ಮುಚ್ಚಿಕೊಳ್ಳುವ ಗಾಜಿನ ರೀಡ್ ಸ್ವಿಚ್ ಅಂಟಿಸುತ್ತಾರೆ. ಸ್ವಿಚ್ಚನ್ನು ಹಳಿಯ ಉದ್ದಕ್ಕೆ ಮಲಗಿಸಿ, ಬಿಲ್ಲೆ ಅಯಸ್ಕಾಂತದ ಒಂದು ಧ್ರುವ ಮೇಲ್ಮುಖವಾಗಿ ಇಟ್ಟರೆ, ಅಯಸ್ಕಾಂತ ನೇರ ಕೆಳಗಿರುವಾಗ ಸ್ವಿಚ್ ಮುಚ್ಚುವುದೇ ಇಲ್ಲ. ಅದರ ಈಚೆಗೊಮ್ಮೆ, ಆಚೆಗೊಮ್ಮೆ ಮುಚ್ಚುತ್ತದೆ. ಹೀಗೆ ಒಂದು ಅಯಸ್ಕಾಂತಕ್ಕೆ ಎರಡು ಎಣಿಕೆ. ಸ್ವಿಚ್ಚನ್ನು ಅಡ್ಡ ಮಲಗಿಸಿದರೆ ಒಮ್ಮೊಮ್ಮೆ ಏನೂ ಸಿಗುವುದಿಲ್ಲ. ರೀಡ್ ಸ್ವಿಚ್ಚೇ ಬೇಕೆಂದರೆ ಕಡ್ಡಿ ಅಯಸ್ಕಾಂತ ತಂದು ಎರಡನ್ನೂ ಹಳಿಗೆ ಅಡ್ಡವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇಡಿ. ಆಗ ಎಣಿಕೆ ಒಂದೇ.

ಇದಕ್ಕಿಂತ, ಅಯಸ್ಕಾಂತವನ್ನು ಗುರುತಿಸುವ ಚಿಪ್ ಆದ ಹಾಲ್ ಸೆನ್ಸರ್ ಮೇಲು. ಎ3144 ಎಂಬುದು ಮೂರು ಕಾಲಿನ, ಅಕ್ಕಿಕಾಳಿಗಿಂತ ಸ್ವಲ್ಪ ಅಗಲದ ಚಿಪ್. ಅಕ್ಷರ ಬರೆದಿರುವ ಮುಖಕ್ಕೆ ದಕ್ಷಿಣ ಧ್ರುವ ಎದುರಾದಾಗ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಎರಡು ಚಿಪ್ ಹಾಕಿ: ಒಂದರ ಅಕ್ಷರ ಕೆಳಕ್ಕೆ, ಇನ್ನೊಂದರದು ಮೇಲಕ್ಕೆ. ಮೊದಲನೆಯದು ದಕ್ಷಿಣ ಧ್ರುವವನ್ನು ಹಿಡಿಯುತ್ತದೆ, ಎರಡನೆಯದು ಉತ್ತರವನ್ನು. ಎರಡು ಬಗೆಯ ಸೂಚನೆ ಸಿಕ್ಕಿತು.

ಚಿಪ್‌ಗೆ 5 ವೋಲ್ಟ್ ಕೊಡಿ, 4.5ಕ್ಕಿಂತ ಕಡಿಮೆ ಆದರೆ ಭರವಸೆ ಇಲ್ಲ. ಔಟ್‌ಪುಟ್ ಕಾಲಿನಿಂದ 3.3 ವೋಲ್ಟ್‌ಗೆ 10 ಕಿಲೋಓಂ ರೆಸಿಸ್ಟರ್. ಇಎಸ್‌ಪಿ32ರಲ್ಲಿ 32, 33ನೇ ಪಿನ್ ಬಳಸಿ. 34ರಿಂದ 39ರವರೆಗಿನ ಪಿನ್‌ಗಳಿಗೆ ಒಳಗಿನ ಪುಲ್-ಅಪ್ (ಪಿನ್ನನ್ನು 3.3 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) ಇಲ್ಲ, ಹೊರಗಿನ ರೆಸಿಸ್ಟರ್ ಮರೆತರೆ ಇಲ್ಲದ ಸ್ಟೇಷನ್ನುಗಳಲ್ಲೆಲ್ಲ ಗಾಡಿ ನಿಲ್ಲುತ್ತದೆ.

ಅಯಸ್ಕಾಂತ 10 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ನಿಯೊಡಿಮಿಯಂ ಬಿಲ್ಲೆ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಮೇಲಿನದರ ಮುಖಕ್ಕೆ ನೇಲ್ ಪಾಲಿಶ್ ಹಚ್ಚಿ, ಅದನ್ನು ಪಕ್ಕಕ್ಕೆ ಸರಿಸಿ ಮುಂದಿನದಕ್ಕೆ ಹಚ್ಚಿ. ಎಲ್ಲ ಗುರುತೂ ಒಂದೇ ಧ್ರುವದಲ್ಲಿರುತ್ತದೆ. ಬಿಲ್ಲೆಯನ್ನು ಸ್ಲೀಪರ್ ಮೇಲೆ ಹಳಿಗಳ ನಟ್ಟನಡುವೆ ಎಪಾಕ್ಸಿಯಿಂದ ಕೂರಿಸಿ, ಪೂರ್ತಿ ಮುಚ್ಚುವಂತೆ ಮೇಲೊಂದು ಪದರ ಹಚ್ಚಿ. ಹಾಗೇ ಬಿಟ್ಟರೆ ಒಂದು ಮಳೆಗಾಲಕ್ಕೆ ನಿಕಲ್ ಲೇಪ ಎದ್ದು ತುಕ್ಕು ಹಿಡಿಯುತ್ತದೆ. ಚಿಪ್‌ಗೂ ಬಿಲ್ಲೆಗೂ 6 ಮಿ.ಮೀ. ಅಂತರ ಇರಲಿ. 10 ದಾಟಿದರೆ ಒಂದು ಸಲ ಹಿಡಿದು ಇನ್ನೊಂದು ಸಲ ಬಿಡುತ್ತದೆ. ಮೋಟರಿನಲ್ಲೂ ಅಯಸ್ಕಾಂತವಿದೆ, ಚಿಪ್ ಅದರಿಂದ 4 ಸೆಂ.ಮೀ. ದೂರವಿರಲಿ.

ಎರಡು ಹಂತದಲ್ಲಿ ನಿಲುಗಡೆ

ಸೆಕೆಂಡಿಗೆ 30 ಸೆಂ.ಮೀ. ವೇಗದ ಗಾಡಿ 4 ಸೆಕೆಂಡಿನಲ್ಲಿ ಸಮನಾಗಿ ನಿಧಾನಿಸಿದರೆ 60 ಸೆಂ.ಮೀ. ಸಾಗಿ ನಿಲ್ಲುತ್ತದೆ. ಬ್ಯಾಟರಿ 16.8ರಿಂದ 13 ವೋಲ್ಟ್‌ಗೆ ಇಳಿದಾಗ ವೇಗವೂ ಅದೇ ಪ್ರಮಾಣದಲ್ಲಿ ತಗ್ಗಿ 46 ಸೆಂ.ಮೀ.ಗೇ ನಿಲ್ಲುತ್ತದೆ. ಮಧ್ಯಾಹ್ನದ ತಪ್ಪಿಗೆ ಕಾರಣ ಇದೇ.

ಆದ್ದರಿಂದ ನಿಲ್ಲಬೇಕಾದ ಜಾಗಕ್ಕೆ 80 ಸೆಂ.ಮೀ. ಮೊದಲು ದಕ್ಷಿಣ ಮೇಲ್ಮುಖವಾದ ಬಿಲ್ಲೆ. ಅದು ಸಿಕ್ಕಾಗ ವೇಗ ಸೆಕೆಂಡಿಗೆ 6 ಸೆಂ.ಮೀ.ಗೆ ಇಳಿಯಲಿ. ನಿಲ್ಲುವ ಜಾಗಕ್ಕೆ 3 ಸೆಂ.ಮೀ. ಮೊದಲು ಉತ್ತರ ಮೇಲ್ಮುಖವಾದ ಬಿಲ್ಲೆ. ಅಲ್ಲಿ ಒಂದು ಸೆಕೆಂಡಿನಲ್ಲಿ ಪೂರ್ತಿ ನಿಲ್ಲಲಿ. ತೆವಳುವ ವೇಗದಿಂದ ನಿಂತರೆ ವ್ಯತ್ಯಾಸ ಒಂದು ಸೆಂ.ಮೀ. ಒಳಗೇ ಉಳಿಯುತ್ತದೆ.

ಓಡುವ ಗಾಡಿಗೆ ಒಂದು ಬಿಲ್ಲೆ ಕಾಣುವುದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಪ್ರೋಗ್ರಾಂನಲ್ಲಿ ಡಿಲೇ ಹಾಕಿ ಕಾಯಿಸಿದರೆ ಆ ಹೊತ್ತಿಗೆ ಬಿಲ್ಲೆ ದಾಟಿಹೋಗಿರುತ್ತದೆ, ಇಂಟರಪ್ಟ್ (ಪಿನ್ ಬದಲಾದೊಡನೆ ಬೇರೆ ಕೆಲಸ ಬಿಡಿಸಿ ಓಡುವ ಪ್ರೋಗ್ರಾಂ ತುಂಡು) ಬಳಸಿ. ಎರಡೂ ದಿಕ್ಕಿಗೆ ಓಡಿಸುವುದಾದರೆ ದಕ್ಷಿಣ, ಉತ್ತರ, ದಕ್ಷಿಣ ಎಂದು ಮೂರು ಬಿಲ್ಲೆ ಇಡಿ. ಹೊರಟ ಮೇಲೆ 8 ಸೆಕೆಂಡ್ ಯಾವ ಬಿಲ್ಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಬರೆಯಿರಿ, ಇಲ್ಲವಾದರೆ ಹೊರಡುತ್ತಲೇ ಮತ್ತೆ ತೆವಳಲು ಶುರು ಮಾಡುತ್ತದೆ.

ತೆವಳುವ ವೇಗಕ್ಕೆ ಬೇಕಾದ ಪಿಡಬ್ಲ್ಯುಎಂ ಅಂಕಿಯನ್ನು (ಮೋಟರಿಗೆ ಎಷ್ಟು ಪಾಲು ಕರೆಂಟ್ ಬಿಡಬೇಕೆಂದು ಡ್ರೈವರಿಗೆ ಹೇಳುವ ಅಂಕಿ) ತುಂಬಿದ ಬ್ಯಾಟರಿ, ಖಾಲಿ ಇಂಜಿನ್ ಇಟ್ಟು ಗೊತ್ತುಮಾಡಬೇಡಿ. ಬ್ಯಾಟರಿ 13 ವೋಲ್ಟ್‌ಗೆ ಬಂದಿರಲಿ, ಎಲ್ಲ ಬೋಗಿಗಳನ್ನೂ ಸಿಕ್ಕಿಸಿ, ಸ್ಟೇಷನ್ ಹತ್ತಿರದ ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಅಲ್ಲಿ ಮುಗ್ಗರಿಸದೆ ಎಳೆದ ಅಂಕಿಯನ್ನೇ ಬರೆದಿಡಿ.