ಕಿಳ್ಳೇಕ್ಯಾತ ಕೇಳಿದ ಪ್ರಶ್ನೆ

ಬೆಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಚಿತ್ರ, ಗೊಂಬೆ ಮತ್ತು ಕಥೆಗಳನ್ನಿಟ್ಟುಕೊಂಡು ಮಕ್ಕಳೊಡನೆ ಕೆಲಸ ಮಾಡುತ್ತಿದ್ದೇನೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನ ಮಕ್ಕಳದು ರಕ್ತದ ಕ್ಯಾನ್ಸರ್. ಅದರಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಬಗೆಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ರಕ್ತಪರೀಕ್ಷೆಯಿಂದ ಹಿಡಿದು ಬೆನ್ನಿನ ಇಂಜೆಕ್ಷನ್‌ವರೆಗೆ ಯಾವುದನ್ನೂ ಮಗು ಬೇಡವೆನ್ನುವಂತಿಲ್ಲ. ಹಾಗಾಗಿ ನಾನು ಒಯ್ಯುವ ಬಣ್ಣದ ಪೆಟ್ಟಿಗೆಯನ್ನಾದರೂ ಬೇಡವೆನ್ನುವ ಅವಕಾಶ ಅದಕ್ಕಿರಬೇಕೆಂದು ನಂಬಿದ್ದೇನೆ. ಬೇಡವೆಂದರೆ ಪುಸಲಾಯಿಸದೆ ಮುಂದಿನ ಮಂಚಕ್ಕೆ ಹೋಗುತ್ತೇನೆ. ಹಾಗೆ ಕಳುಹಿಸಿದ ಮಕ್ಕಳೇ ಎಷ್ಟೋ ಸಲ ಮರುದಿನ ತಾವಾಗಿ ಕರೆದಿದ್ದಾರೆ.

ಸಾಮಗ್ರಿಯ ವಿಷಯದಲ್ಲಿ ಮಾತ್ರ ಮೊದಲು ಸಿಸ್ಟರ್ ಅವರನ್ನು ಕೇಳಲೇಬೇಕು. ಕೌಂಟ್, ಅಂದರೆ ರಕ್ತದಲ್ಲಿನ ಬಿಳಿ ಕಣಗಳ ಸಂಖ್ಯೆ, ಇಳಿದ ಮಗುವಿಗೆ ಸೋಂಕಿನ ಭಯವಿರುವುದರಿಂದ ಜೇಡಿಮಣ್ಣು, ಒಣ ಎಲೆ, ಹೂವುಗಳನ್ನು ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಕಡಿಮೆಯಿದ್ದರೆ ಕತ್ತರಿ, ಸೂಜಿಗಳೂ ಇಲ್ಲ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದಿಂದ ಕೆಲವು ಮಕ್ಕಳ ಬೆರಳುಗಳ ಹಿಡಿತ ಸಡಿಲವಾಗುತ್ತದೆ, ಅಂಥವರಿಗೆ ದಪ್ಪನೆಯ ಕ್ರೇಯಾನ್ ಬೇಕು. ಬರೆಯುವ ಕೈಗೆ ಕ್ಯಾನುಲಾ (ಔಷಧ ಕೊಡಲು ರಕ್ತನಾಳಕ್ಕೆ ಸೇರಿಸುವ ಸಣ್ಣ ಕೊಳವೆ) ಹಾಕಿದ್ದರೆ ಮಗು ಹೇಳಿದಂತೆ ನಾನು ಗೆರೆ ಎಳೆಯುತ್ತೇನೆ.

ನನಗೆ ಹೆಚ್ಚು ಒದಗಿಬಂದಿರುವುದು ನಮ್ಮ ತೊಗಲುಗೊಂಬೆಯಾಟ. ತೊಗಲಿನ ಬದಲು ಹಳೆಯ ಎಕ್ಸ್‌ರೇ ಫಿಲ್ಮ್‌ಗಳನ್ನು ಮನೆಯಲ್ಲಿ ಬ್ಲೀಚ್‌ನಲ್ಲಿ ನೆನೆಸಿ, ಉಜ್ಜಿ ತೊಳೆದರೆ ಚಿತ್ರವೂ ರೋಗಿಯ ಹೆಸರೂ ಅಳಿಸಿಹೋಗಿ ತಿಳಿಯಾದ ಹಾಳೆ ಉಳಿಯುತ್ತದೆ. ಅದರ ಮೇಲೆ ಮಗು ಮಾರ್ಕರ್‌ನಿಂದ ಬರೆದದ್ದನ್ನು ನಾನು ಕತ್ತರಿಸಿ ಕಡ್ಡಿ ಅಂಟಿಸುತ್ತೇನೆ. ಬಿಳಿಯ ಬೆಡ್‌ಶೀಟು, ಮೊಬೈಲಿನ ಟಾರ್ಚು ಇದ್ದರೆ ಆಟ ಶುರು. ಗೊಂಬೆಗಳನ್ನು ಸ್ಯಾನಿಟೈಸರ್‌ನಿಂದ ಒರೆಸಿದರೆ ಮಾರ್ಕರಿನ ಬಣ್ಣ ಕರಗುತ್ತದೆ, ಸೋಪಿನ ನೀರೇ ಸರಿ.

ಈ ಆಟದಲ್ಲಿ ಕಿಳ್ಳೇಕ್ಯಾತ ಇರಲೇಬೇಕು. ಹಾಸ್ಯದ ಪಾತ್ರವಾದ ಅವನಿಗೆ ರಾಜನ ಎದುರಿಗೂ ಬಾಯಿಗೆ ಬಂದದ್ದನ್ನು ಆಡುವ ಸಲುಗೆಯಿದೆ. ಉತ್ತರ ಕರ್ನಾಟಕದ ಕಡೆಯ ಹುಡುಗನೊಬ್ಬ ದಿನಗಟ್ಟಲೆ ಯಾರೊಡನೆಯೂ ಮಾತಾಡದೆ ಗೋಡೆಯ ಕಡೆ ಮಗ್ಗುಲಾಗಿ ಮಲಗಿರುತ್ತಿದ್ದ. ಅವನು ಮೊದಲು ಬರೆದದ್ದು ಒಂದು ಸಿರಿಂಜು. “ಸೂಜಿ ಇನ್ನಷ್ಟ ದೊಡ್ಡದ ಆಗ್ಬೇಕ್ರಿ ಅಕ್ಕಾ” ಎಂದು ಮತ್ತೊಂದು ಹಾಳೆ ಅಂಟಿಸಿಕೊಂಡ. ಡಾಕ್ಟರ ಗೊಂಬೆ ಆ ಸೂಜಿಯ ಅರ್ಧಕ್ಕೂ ಬರಲಿಲ್ಲ. ಆಟ ನಡೆದಿರುವಾಗ ಅವನ ಕಿಳ್ಳೇಕ್ಯಾತ ಡಾಕ್ಟರನ್ನು ಕೇಳಿದ: “ಈ ಹುಡುಗಗ ಏನಾಗೇತಿ? ಯಾರೂ ಯಾಕ ಹೇಳವಲ್ರು?”

ಪರದೆಯ ಈಚೆ ಅವನ ತಾಯಿ ಕುಳಿತಿದ್ದರು. ಮಗ ಹೆದರುತ್ತಾನೆಂದು ಕಾಯಿಲೆಯ ಹೆಸರನ್ನು ಮನೆಯವರೆಲ್ಲ ಮುಚ್ಚಿಟ್ಟಿದ್ದರು. ಉತ್ತರ ಕೊಡುವುದು ನನ್ನ ಕೆಲಸವಲ್ಲವಾದ್ದರಿಂದ, “ಡಾಕ್ಟರು ಯೋಚಿಸಿ ಹೇಳ್ತಾರಂತೆ” ಎಂದು ಗೊಂಬೆಯಿಂದ ಆಡಿಸಿದೆ. ಆಮೇಲೆ ತಾಯಿ ತಾವೇ ಡಾಕ್ಟರ ಬಳಿ ಮಾತಾಡಿದರು, ಡಾಕ್ಟರು ಅದೇ ಗೊಂಬೆಗಳನ್ನು ಹಿಡಿದು ಅವನಿಗೆ ತಿಳಿಯುವಂತೆ ವಿವರಿಸಿದರು. ಬೆನ್ನಿನ ಇಂಜೆಕ್ಷನ್ನಿಗೆ ಅವನು ನಂತರವೂ ಅತ್ತ. ಆದರೆ ಎಷ್ಟು ಹೊತ್ತು ನೋವಿರುತ್ತದೆ, ಯಾಕೆ ಕೊಡುತ್ತಾರೆ ಎಂದು ಕೇಳಲು ಹಿಂಜರಿಯಲಿಲ್ಲ.

ಮಗು ಕಪ್ಪು ಬಣ್ಣ ಬಳಿದರೆ ದುಃಖವೆಂದು ಅರ್ಥ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಕೈಗೆ ಸಿಕ್ಕದ್ದು ಅದೊಂದೇ ಕ್ರೇಯಾನ್ ಇದ್ದಿರಬಹುದು. “ಇಲ್ಲಿ ಏನು ನಡೀತಿದೆ, ಹೇಳ್ತೀಯಾ?” ಎಂದಷ್ಟೇ ಕೇಳಿ, ಹೇಳಿದ್ದನ್ನು ಅದರದೇ ಮಾತಿನಲ್ಲಿ ಹಾಳೆಯ ಹಿಂದೆ ಬರೆದಿಡುತ್ತೇನೆ.

ಊರಿನಲ್ಲಿ ಅಜ್ಜಿಯ ಬಳಿ ಉಳಿದ ಒಡಹುಟ್ಟಿದವರನ್ನು ಎಲ್ಲರೂ ಮರೆಯುತ್ತಾರೆ. ಅಣ್ಣನ ಕಾಯಿಲೆ ತನ್ನಿಂದಲೇ ಬಂತೆಂದು ನಂಬಿದ ಪುಟ್ಟ ತಂಗಿಯರಿದ್ದಾರೆ. ಆದ್ದರಿಂದ ಕಥೆಯ ಅರ್ಧವನ್ನು ಇಲ್ಲಿ ಬರೆಸಿ ಊರಿಗೆ ಹೋಗುವ ತಂದೆಯ ಕೈಯಲ್ಲಿ ಕಳುಹಿಸುತ್ತೇವೆ, ಉಳಿದರ್ಧವನ್ನು ಅಲ್ಲಿಯ ಮಕ್ಕಳು ಬರೆದು ಕಳುಹಿಸುತ್ತಾರೆ.

ಚಿತ್ರಗಳು ಮಗುವಿನವು. ಅದು ಒಪ್ಪದೆ ಗೋಡೆಗೆ ಅಂಟಿಸುವುದಿಲ್ಲ, ದಾನಿಗಳು ಕೇಳಿದರೂ ಫೋಟೊ ಕೊಡುವುದಿಲ್ಲ. ಮಗು ತೀರಿಕೊಂಡಾಗ ಅವೆಲ್ಲ ತಂದೆತಾಯಿಗೆ ಸೇರಬೇಕು. ಆಗಲೇ ಒಯ್ಯಲಾರದವರ ಚಿತ್ರಗಳನ್ನು ಲಕೋಟೆಯಲ್ಲಿ ಹೆಸರು ಬರೆದು ಇಟ್ಟಿರುತ್ತೇವೆ, ಅವರು ಯಾವಾಗ ಬಂದು ಕೇಳಿದರೂ ಕೊಡುತ್ತೇವೆ.